ಮೂರನೆಯ ಕಮಾನಿನ ಗಾಜು

೩ ಫೆಬ್ರವರಿ

ಚಿಕ್ಕಪ್ಪ,

ಫೋನಿನಲ್ಲಿ ಹೇಳೋಣವೆಂದರೆ ನೀವು "ಹಾಂ? ಏನಂದೆ?" ಎನ್ನುತ್ತೀರಿ, ಕೊನೆಗೆ ಚಿಕ್ಕಮ್ಮ ಫೋನು ಕಿತ್ತುಕೊಂಡು "ಊಟ ಆಯ್ತಾ?" ಎಂದು ಕೇಳಿ ಇಟ್ಟುಬಿಡುತ್ತಾರೆ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ಎಲ್ಲಿ ಕೂತಿದ್ದೇನೆ ಹೇಳಿ ನೋಡೋಣ. ಅಪ್ಪನ ಕೋಣೆಯಲ್ಲಿ. ಇಟ್ಟಿಗೆ ಸೇತುವೆಯ ಈ ತುದಿಯ ಕಾವಲು ಕೋಣೆ, ನಾನು ಹುಟ್ಟಿ ಬೆಳೆದ ಜಾಗ. ಅಪ್ಪ ಹೋದ ಮೇಲೆ ಇಲಾಖೆಯವರು ಸೇತುವೆ ಕಾವಲುಗಾರನ ಹುದ್ದೆಯನ್ನೇ ತೆಗೆದುಹಾಕಿದರಲ್ಲ, ಆಗಿನಿಂದ ಇಲ್ಲಿ ಹಳೆ ಡಾಂಬರು ಡಬ್ಬಗಳನ್ನು ತುಂಬಿಟ್ಟಿದ್ದರು. ಎರಡು ದಿನ ಗುಡಿಸಿ ಒಂದು ಮೇಜು ಹಾಕಿಸಿಕೊಂಡಿದ್ದೇನೆ. ಕಿಟಕಿ ಹಾಗೇ ಇದೆ.

ಬಂದ ಕೆಲಸ ಇಷ್ಟು. ಕೆಳಗಿನ ಹೊಸ ಸೇತುವೆಯನ್ನು ರಿಪೇರಿಗೆಂದು ಎಂಟು ತಿಂಗಳು ಮುಚ್ಚುತ್ತಾರೆ. ಅಷ್ಟು ದಿನ ಬಸ್ಸುಗಳನ್ನು ನಮ್ಮ ಹಳೆಯ ಸೇತುವೆಯ ಮೇಲೆ ಬಿಡಬಹುದೇ ಬಿಡಬಾರದೇ ಎಂದು ಪರೀಕ್ಷಿಸಿ ಮಾರ್ಚ್ ಇಪ್ಪತ್ತೆಂಟರೊಳಗೆ ವರದಿ ಕೊಡಬೇಕು. ಬಿಡದಿದ್ದರೆ ಆಚೆ ದಡದವರು ಆಸ್ಪತ್ರೆಗೆ ಬರಲು ಒಂದೂವರೆ ಗಂಟೆ ಸುತ್ತಬೇಕು. ಬಿಟ್ಟು ಏನಾದರೂ ಆದರೆ, ಕೆಳಗಿರುವುದು ನನ್ನ ಸಹಿ.

ಭಯದಿಂದಲೇ ನಿನ್ನೆ ಮೂರನೆಯ ಕಮಾನಿನ ಕೆಳಗೆ ಏಣಿ ಹಾಕಿ ಹತ್ತಿದೆ. ಆ ಹಳೆಯ ಬಿರುಕು ಇದ್ದೇ ಇದೆ. ಅದಕ್ಕೆ ಅಡ್ಡಲಾಗಿ, ಮಸಿ ಹಿಡಿದ ಗಾಜಿನ ಪಟ್ಟಿಯೂ ಇದೆ. ಒರೆಸಿ ನೋಡಿದರೆ ಮೊಳೆಯಿಂದ ಗೀಚಿದ ತಾರೀಖು: ೧೧ ಜೂನ್, ನಾನು ಹುಟ್ಟಿದ ವರ್ಷ. ಅಪ್ಪನ ಅಂಕಿ. ಗಾಜು ಒಡೆದಿಲ್ಲ ಚಿಕ್ಕಪ್ಪ. ನಮ್ಮ ಸಾಹೇಬರಿಗೆ ನಾನೇ ವಿವರಿಸಿದೆ: "ಬಿರುಕಿನ ಆಚೆಗೊಂದು ತುದಿ, ಈಚೆಗೊಂದು ತುದಿ, ಎರಡನ್ನೂ ಗಟ್ಟಿ ಗಾರೆಯಲ್ಲಿ ಹೂತಿರ್ತಾರೆ ಸಾರ್. ಬಿರುಕು ಕೂದಲೆಳೆಯಷ್ಟು ಬಾಯಿ ಬಿಟ್ರೂ ಗಾಜು ಒಡೆಯತ್ತೆ. ಒಡೆದಿಲ್ಲ ಅಂದ್ರೆ ಮೂವತ್ತೊಂದು ವರ್ಷದಿಂದ ಸೇತುವೆ ಅಲ್ಲಾಡಿಲ್ಲ." ಸಾಹೇಬರು "ಹಾಗಾದ್ರೆ ಮುಗೀತಲ್ಲ, ಬರೆದುಕೊಡಿ" ಎಂದರು. ಅಪ್ಪನೇ ನನ್ನ ಕೈಗೆ ಸಾಕ್ಷಿ ಕೊಟ್ಟು ಹೋದಂತಾಯಿತು. ಏಣಿಯ ಮೇಲೆ ನಿಂತು ಅತ್ತೆ.

ನೀವು ಈ ಸೇತುವೆಯ ಗಾರೆ ಕೆಲಸ ಮಾಡಿದವರು. ನಿಮಗೆ ಗೊತ್ತಿರುವುದನ್ನೆಲ್ಲ ಬರೆಯಿರಿ, ವರದಿಗೆ ಬೇಕು.

ನಿಮ್ಮ ಅಳತೆಗೋಲು


೧೧ ಫೆಬ್ರವರಿ

ಅಳತೆಗೋಲೇ,

ನಿನ್ನ ಕಾಗದ ಬಂದಾಗ ನಾನು ಬಚ್ಚಲಿನ ಕಟ್ಟೆಗೆ ಗಾರೆ ಮೆತ್ತುತ್ತಿದ್ದೆ. "ನಲವತ್ತು ವರ್ಷ ಊರವರ ಗೋಡೆ ಕಟ್ಟಿದೋರಿಗೆ ಮನೆ ಬಚ್ಚಲು ಸೋರೋದು ಕಾಣಲ್ಲ" ಎಂದು ನಿನ್ನ ಚಿಕ್ಕಮ್ಮ ಬೆಳಗಿನಿಂದ ರೇಡಿಯೊ ಹಚ್ಚಿದ್ದಳು. ಕಿವಿ ಮಂದವಾದದ್ದರಿಂದ ಒಂದು ಲಾಭವೂ ಇದೆ.

ಮಗು ಎಲ್ಲಿ ಕಂಡರೂ ಅಳತೆಗೋಲು ಬೀಸುತ್ತಿತ್ತು, ಬಾಗಿಲು, ಬೆಕ್ಕು, ನನ್ನ ಹೊಟ್ಟೆ ಯಾವುದನ್ನೂ ಬಿಡುತ್ತಿರಲಿಲ್ಲ. ಅದೇ ಮಗು ಇವತ್ತು ಸೇತುವೆ ಅಳೆಯುತ್ತಿದೆ ಎಂದರೆ ನಂಬಲಾಗುವುದಿಲ್ಲ. ಅಣ್ಣ ಇರಬೇಕಿತ್ತು.

ಸೇತುವೆಯ ಕಥೆ ಕೇಳಿದೆ, ಹೇಳುತ್ತೇನೆ. ನನಗೆ ಕೆಲಸ ಕಲಿಸಿದ ಮುದುಕ ಮೇಸ್ತ್ರಿ ತನ್ನ ತಾತನಿಂದ ಕೇಳಿದ್ದು. ಐದು ಕಮಾನುಗಳನ್ನು ಎರಡು ತಂಡಗಳು ಕಟ್ಟಿದವು, ಈ ದಡದಿಂದ ಒಂದು, ಆ ದಡದಿಂದ ಒಂದು. ಈ ದಡದ ಮಣ್ಣು ಸುಟ್ಟರೆ ಕೆಂಪು ಇಟ್ಟಿಗೆ, ಆ ದಡದ್ದು ಸುಟ್ಟರೆ ಹಳದಿ ಬೆರೆತ ಬಣ್ಣ. ಬಿಸಿಲು ಓರೆಯಾಗಿ ಬಿದ್ದಾಗ ನೀರಿನ ಕಡೆಯಿಂದ ನೋಡು, ಮೂರನೆಯ ಕಮಾನಿನ ನೆತ್ತಿಯಲ್ಲಿ ಎರಡು ಬಣ್ಣವೂ ಸೇರಿರುವುದು ಕಾಣುತ್ತದೆ. ಎರಡು ತಂಡದ ಮೇಸ್ತ್ರಿಗಳೂ ಮಾತು ಬಿಟ್ಟಿದ್ದರಂತೆ. ಏನು ಹೇಳಬೇಕಿದ್ದರೂ ದೋಣಿಯವನ ಮೂಲಕ ಹೇಳಿ ಕಳಿಸುತ್ತಿದ್ದರಂತೆ. ಹಾಗೆ ಮುಖ ನೋಡದವರು ಕಟ್ಟಿದ್ದು ಇಷ್ಟು ವರ್ಷ ನಿಂತಿದೆ.

ಒಂದೊಂದು ಕಮಾನಿಗೂ ಮೂರು ಸುತ್ತು ಇಟ್ಟಿಗೆ. ಮೂರನೆಯ ಕಮಾನಿನ ಹೆಗಲಲ್ಲಿ, ಭಾರ ಕಡಿಮೆ ಮಾಡಲೆಂದು ಒಳಗೆ ಟೊಳ್ಳು ಬಿಟ್ಟಿದ್ದಾರೆ. ನಾವು ಅದನ್ನು ಪೊಟರೆ ಎನ್ನುತ್ತಿದ್ದೆವು. ಒಂದು ಸಣ್ಣ ಕಬ್ಬಿಣದ ಬಾಗಿಲಿದೆ. ನಿಮ್ಮಪ್ಪ ಮಾತ್ರ ಒಳಗೆ ತೆವಳಿಕೊಂಡು ಹೋಗುತ್ತಿದ್ದ. ನನಗೆ ಅದರ ಬಾಯಿ ನೋಡಿದರೇ ಉಸಿರು ಕಟ್ಟುತ್ತಿತ್ತು, ಜೊತೆಗೆ ಈ ಹೊಟ್ಟೆ. ಅದರೊಳಗೆ ಬಾವಲಿ ಬಿಟ್ಟರೆ ಏನೂ ಇಲ್ಲ, ನೀನು ಹೋಗುವ ಗೋಜಿಗೆ ಹೋಗಬೇಡ.

ಏಣಿ ಹತ್ತುವಾಗ ಕೆಳಗೆ ಯಾರಾದರೂ ಹಿಡಿದುಕೊಂಡಿರಲಿ.

ಚಿಕ್ಕಪ್ಪ


೧೭ ಫೆಬ್ರವರಿ

ಚಿಕ್ಕಪ್ಪ,

ಎರಡು ಬಣ್ಣ ನೋಡಿದೆ. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ, ನನ್ನ ಕಣ್ಣು ಏನು ಮಾಡುತ್ತಿತ್ತೋ.

ಆದರೆ ಈಗ ಬೇರೆ ತಲೆನೋವು ಶುರುವಾಗಿದೆ. ಸೇತುವೆಯ ಉದ್ದಕ್ಕೂ ಮಟ್ಟ ಹಿಡಿದು ನೋಡಿದೆ. ಮೂರನೆಯ ಕಮಾನಿನ ನೆತ್ತಿ, ಕಡತದಲ್ಲಿರುವ ಹಳೆಯ ನಕ್ಷೆಗಿಂತ ಎರಡು ಬೆರಳಿನಷ್ಟು ಕೆಳಗಿದೆ. ಉಪಕರಣ ಕೆಟ್ಟಿರಬೇಕೆಂದು ಬೇರೆ ತರಿಸಿದೆ. ಅದೂ ಎರಡು ಬೆರಳು ಎಂದಿತು. ಕೊನೆಗೆ ಅಪ್ಪನ ಹಳೆಯ ರಸಮಟ್ಟವನ್ನೂ ನೂಲನ್ನೂ ಹುಡುಕಿ ತೆಗೆದು ಕೈಯಿಂದಲೇ ಅಳೆದೆ. ಎರಡು ಬೆರಳು. ತಡೆಗೋಡೆಯ ಇಟ್ಟಿಗೆಗಳ ನಡುವೆ ಒಂದು ಸಂದು ಬೇರೆ ಬಾಯಿ ಬಿಟ್ಟಿದೆ, ಅದು ಹಳೆಯದೋ ಹೊಸದೋ ತಿಳಿಯುತ್ತಿಲ್ಲ.

ಕಮಾನು ಕುಸಿದಿದ್ದರೆ ಗಾಜು ಒಡೆದಿರಬೇಕು. ಗಾಜು ಒಡೆದಿಲ್ಲವೆಂದರೆ ಕಮಾನು ಕುಸಿದಿಲ್ಲ. ಎರಡೂ ನಿಜವಾಗಲು ಹೇಗೆ ಸಾಧ್ಯ? ಬೆಳಿಗ್ಗೆ ಒಂದನ್ನು ನಂಬುತ್ತೇನೆ, ಊಟ ಮುಗಿಸುವಷ್ಟರಲ್ಲಿ ಇನ್ನೊಂದನ್ನು ನಂಬುತ್ತೇನೆ. ಸಾಹೇಬರಿಗೆ ಹೇಳಿದರೆ "ನಿಮ್ಮ ತಂದೆಯವರ ಗಾಜು ಇದೆಯಲ್ಲ, ಇನ್ನೇನು?" ಎನ್ನುತ್ತಾರೆ.

ಇನ್ನೊಂದು ಮಾತು. ಅಷ್ಟುದ್ದ ಕಾಗದ ಬರೆದಿರಿ, ಗಾಜಿನ ವಿಷಯ ಒಂದಕ್ಷರ ಇಲ್ಲ. ನಿಮಗೂ ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಮರೆತಿರೋ, ಅಥವಾ ಅಪ್ಪನ ನೆನಪು ಬಂದು ಬರೆಯಲಾಗಲಿಲ್ಲವೋ?

ಪೊಟರೆಯ ಬಾಗಿಲು ತುಕ್ಕು ಹಿಡಿದು ಗೋಡೆಗೇ ಅಂಟಿಕೊಂಡಿದೆ. ನೀವು ಏನೂ ಇಲ್ಲ ಎಂದ ಮೇಲೆ ಅದರ ತಂಟೆಗೆ ಹೋಗಿಲ್ಲ.

ಅಳತೆಗೋಲು


೨೪ ಫೆಬ್ರವರಿ

ಮಗಳೇ,

ನಕ್ಷೆ ಬರೆದವನು ಕುರ್ಚಿಯ ಮೇಲೆ ಕೂತು ಬರೆದಿರುತ್ತಾನೆ. ಸೇತುವೆ ಕಟ್ಟಿದವನು ನೀರಿನಲ್ಲಿ ನಿಂತು ಕಟ್ಟಿರುತ್ತಾನೆ. ಯಾರನ್ನು ನಂಬಬೇಕು ಎಂದು ನನ್ನನ್ನು ಕೇಳಿದರೆ ನಾನೇನು ಹೇಳಲಿ. ಆ ಎರಡು ತಂಡದವರು ಮೂರನೆಯ ಕಮಾನಿನಲ್ಲಿ ಸೇರಿದಾಗ ಮಟ್ಟ ಕೂಡಿಬರಲಿಲ್ಲವಂತೆ. ನದಿಗೆ ನೀರು ಬರುವ ಕಾಲ ಹತ್ತಿರ ಬಂದಿತ್ತು. ಗಾರೆ ಇನ್ನೂ ಹಸಿಯಾಗಿರುವಾಗಲೇ ಕಮಾನಿನ ಕೆಳಗಿನ ಮರದ ಅಚ್ಚು ಬಿಚ್ಚಿದರಂತೆ, ಕಮಾನು ಆಗಲೇ ಒಂದಿಷ್ಟು ಕೂತುಬಿಟ್ಟಿತಂತೆ. ನಿನ್ನ ಎರಡು ಬೆರಳು ಅದೇ ಇರಬೇಕು. ಇರಬೇಕು ಎಂದೆ, ಹೌದು ಎನ್ನಲಿಲ್ಲ. ನಾನೇನು ಆಗ ಅಲ್ಲಿದ್ದೆನೇ?

ಗಾಜಿನ ವಿಷಯ ಬರೆಯಲು ಏನಿದೆ? ಗಾಜು ಗಾಜೇ. ನಿಮ್ಮಪ್ಪನಿಗೆ ಅದರದೇ ಹುಚ್ಚು. ಪ್ರತಿ ಸೋಮವಾರ ಬೆಳಿಗ್ಗೆ ಅದನ್ನು ನೋಡಿ ಪುಸ್ತಕದಲ್ಲಿ ಬರೆಯದೆ ಚಹಾ ಮುಟ್ಟುತ್ತಿರಲಿಲ್ಲ. ನಾನು ಆ ಊರಿನಲ್ಲಿದ್ದ ಕಡೆಯ ವರ್ಷವಂತೂ ನನ್ನನ್ನೂ ಹಿಡಿದುಕೊಂಡುಬಿಟ್ಟ. ಸೋಮವಾರ ಬಂತೆಂದರೆ ನನ್ನ ಮನೆ ಬಾಗಿಲಿಗೆ ಬಂದು "ಬಾರೋ" ಎನ್ನುವುದು, ಕಮಾನಿನ ಕೆಳಗೆ ಕರೆದೊಯ್ಯುವುದು, ಟಾರ್ಚು ಬಿಡುವುದು, "ಗಾಜು ಸರಿ ಇದೆಯೇನೋ?" ಎಂದು ಕೇಳುವುದು. "ಸರಿ ಇದೆ ಅಣ್ಣ" ಎಂದರೆ ಸುಮ್ಮನೆ ವಾಪಸು ಬರುವುದು. ತಾನೇ ನೋಡಿದ ಮೇಲೆ ನನ್ನನ್ನು ಯಾಕೆ ಕೇಳುತ್ತಿದ್ದನೋ ಇವತ್ತಿಗೂ ತಿಳಿದಿಲ್ಲ. ವಯಸ್ಸಾಗುತ್ತಾ ಬಂದರೆ ಒಬ್ಬೊಬ್ಬರಿಗೆ ಒಂದೊಂದು.

ಅಣ್ಣನ ಮೇಲೆ ಅನುಮಾನ ಪಡಬೇಡ, ಅಷ್ಟು ಸಾಕು. ಇಲ್ಲಿ ನನ್ನ ಮಂಡಿ ನೋವು ಜಾಸ್ತಿಯಾಗಿದೆ, ಮೇಲಿಂದ ಮೇಲೆ ಬರೆಯಲು ಆಗುವುದಿಲ್ಲ.

ಚಿಕ್ಕಪ್ಪ


೨ ಮಾರ್ಚ್

ಚಿಕ್ಕಪ್ಪ,

ಮಂಡಿ ನೋವಿಗೂ ಕಾಗದ ಬರೆಯುವುದಕ್ಕೂ ಏನು ಸಂಬಂಧ ಎಂದು ಕೇಳುವುದಿಲ್ಲ. ಅಪ್ಪನ ಮೇಲೆ ನಾನು ಅನುಮಾನ ಪಟ್ಟಿರಲೇ ಇಲ್ಲ. ನೀವು ಹೇಳಿದ ಮೇಲೆ ಶುರುವಾಯಿತು.

ಮೊನ್ನೆ ಮತ್ತೆ ಹತ್ತಿದೆ. ಈ ಸಲ ಟಾರ್ಚನ್ನು ಎದುರಿನಿಂದ ಬಿಡದೆ ಪಕ್ಕದಿಂದ ಬಿಟ್ಟೆ. ಗಾಜಿನ ಹಿಂಬದಿಯಲ್ಲಿ ಸಣ್ಣ ಸಣ್ಣ ಹೂವಿನ ಅಚ್ಚು ಕಂಡಿತು. ಐದು ದಳದ ಹೂವು. ಎಲ್ಲೋ ನೋಡಿದ್ದೇನೆ ಎನ್ನಿಸಿತು. ಕೋಣೆಗೆ ಬಂದು ಕೈ ತೊಳೆದು ತಲೆ ಎತ್ತಿದರೆ ಎದುರಿಗೇ ಇದೆ, ಕಿಟಕಿಯಲ್ಲಿ.

ಆ ಕಿಟಕಿಯ ಗಾಜು ನಾನು ಐದನೆಯ ತರಗತಿಯಲ್ಲಿದ್ದಾಗ ಹಾಕಿಸಿದ್ದು. ಅದಕ್ಕೆ ಮೊದಲಿದ್ದ ಸಾದಾ ಗಾಜನ್ನು ಒಡೆದವಳು ನಾನೇ, ಅಳತೆಗೋಲು ಬೀಸಿ. ಹೊಸ ಹೂವಿನ ಗಾಜು ಬಂದಾಗ ಕುಣಿದಾಡಿದ್ದು ಚೆನ್ನಾಗಿ ನೆನಪಿದೆ. ಅಂದರೆ ಆ ಗಾಜು ಈ ಮನೆಗೆ ಬಂದು ಇಪ್ಪತ್ತೊಂದು ವರ್ಷ. ಪಟ್ಟಿಯ ಮೇಲಿನ ತಾರೀಖಿಗೆ ಮೂವತ್ತೊಂದು ವರ್ಷ. ಗಾಜಿಗಿಂತ ತಾರೀಖು ಹತ್ತು ವರ್ಷ ದೊಡ್ಡದು.

ಅಪ್ಪನ ಸೋಮವಾರದ ಪುಸ್ತಕಗಳು ಇಲ್ಲೇ ಕಪಾಟಿನಲ್ಲಿವೆ. ಎಲ್ಲವನ್ನೂ ತಿರುವಿ ಹಾಕಿದೆ. "ಗಾಜು ಸರಿ ಇದೆ. ಗಾಜು ಸರಿ ಇದೆ." ಕಡೆಯ ವಾರದ ತನಕ ಅದೇ. ಒಡೆಯಿತು ಎಂದಾಗಲಿ, ಬದಲಾಯಿಸಿದೆ ಎಂದಾಗಲಿ ಎಲ್ಲೂ ಇಲ್ಲ. ಗಾಜು ಒಡೆದದ್ದನ್ನು ಮುಚ್ಚಿಟ್ಟು ಹಳೆಯ ತಾರೀಖು ಗೀಚಿ ಅಂಟಿಸಿದವರು ಅಪ್ಪನೇ ಏನು? ಬಸ್ಸಿನ ಟಿಕೇಟು ತೆಗೆದುಕೊಳ್ಳಲು ಮರೆತರೆ ಮಾರನೆಯ ದಿನ ಹೋಗಿ ಕೊಟ್ಟು ಬರುತ್ತಿದ್ದ ಮನುಷ್ಯ. ಆ ಪುಸ್ತಕಗಳ ಮುಂದೆ ಕೂತರೆ ನಾನು ಯಾರ ಮಗಳು ಎಂಬುದೇ ಗೊತ್ತಾಗುತ್ತಿಲ್ಲ.

ದಯವಿಟ್ಟು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡಿ. ನಿಮಗೆ ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ.


೧೨ ಮಾರ್ಚ್

ಚಿಕ್ಕಪ್ಪ,

ಹತ್ತು ದಿನವಾಯಿತು, ನಿಮ್ಮಿಂದ ಸುದ್ದಿಯಿಲ್ಲ. ಹೊಸ ಸೇತುವೆಗೆ ಅಡ್ಡಗಟ್ಟೆ ಹಾಕಿಯಾಯಿತು. ನಿನ್ನೆ ಆಚೆ ದಡದಿಂದ ಒಬ್ಬ ಹೆಂಗಸು ಮಗುವನ್ನು ಹೊತ್ತುಕೊಂಡು ನಡೆದು ಬಂದವಳು ನನ್ನ ಮೇಜಿನ ಮುಂದೆ ನಿಂತು, "ನೀವೇನಾ ಬಸ್ಸು ಬಿಡದೆ ಇರೋರು?" ಎಂದು ಕೇಳಿದಳು.


೧೪ ಮಾರ್ಚ್

ಮಗಳಿಗೆ ಚಿಕ್ಕಮ್ಮನಿಂದ,

ನನಗೆ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ತಿದ್ದಿಕೊಂಡು ಓದಿಕೋ. ಇವರಿಗೆ ಏನಾಗಿದೆಯೋ ತಿಳಿಯದು. ನಿನ್ನ ಕಾಗದ ಬಂದಾಗಿನಿಂದ ತಟ್ಟೆ ಮುಂದೆ ಕೂತು ಎದ್ದು ಹೋಗುತ್ತಾರೆ. ಮೂರು ಸಲ ಬರೆದು ಮೂರು ಸಲ ಹರಿದು ಒಲೆಗೆ ಹಾಕಿದರು. ಬಚ್ಚಲಿನ ಕಟ್ಟೆಯನ್ನು ಒಡೆದು ಮತ್ತೆ ಕಟ್ಟುತ್ತಿದ್ದಾರೆ, ಚೆನ್ನಾಗಿಯೇ ಇತ್ತು. ನಿನಗೂ ಇವರಿಗೂ ಏನಾದರೂ ಜಗಳವೇ? ಕೇಳಿದರೆ ಕಿವಿ ಕೇಳಿಸದವರ ಹಾಗೆ ನಟಿಸುತ್ತಾರೆ. ಕೇಳಿಸದಿರುವುದು ಯಾವುದು, ನಟನೆ ಯಾವುದು, ಮೂವತ್ತೈದು ವರ್ಷ ಬಾಳಿದ ನನಗೆ ಗೊತ್ತಿಲ್ಲವೇ.

ಹೊತ್ತಿಗೆ ಸರಿಯಾಗಿ ಊಟ ಮಾಡು.


೧೬ ಮಾರ್ಚ್

ಮಗಳೇ,

ನಿಮ್ಮಪ್ಪ ಅಲ್ಲ. ನಾನು.

ನೀನು ಕಿಟಕಿ ಒಡೆದ ವಾರ. ಮೂರನೆಯ ಕಮಾನಿನ ಸಂದುಗಳಿಗೆ ಹೊಸ ಗಾರೆ ತುಂಬುವ ಕೆಲಸವನ್ನು ಅಣ್ಣ ಇಲಾಖೆಯವರಿಗೆ ಹೇಳಿ ನನಗೆ ಕೊಡಿಸಿದ್ದ. "ಗಾಜಿನ ಹತ್ತಿರ ಮಾತ್ರ ಹುಷಾರು ಕಣೋ" ಎಂದು ಹತ್ತು ಸಲ ಹೇಳಿದ್ದ. ಕೆಲಸ ಮುಗಿಯಿತು. ಶನಿವಾರ ಮಧ್ಯಾಹ್ನ ಸಾರುವೆ ಬಿಚ್ಚುತ್ತಿದ್ದೆ, ಮೇಲಿನ ಹಲಗೆಯ ಹಗ್ಗ ಜಾರಿತು. ಹಲಗೆಯ ತುದಿ ಹೋಗಿ ಕಮಾನಿಗೆ ಬಡಿಯಿತು. ಟಣ್ ಎಂದು ಸದ್ದಾಯಿತು. ನೋಡಿದರೆ ಗಾಜು ಎರಡು ತುಂಡು. ಅರ್ಧ ನೀರಿಗೆ ಬಿತ್ತು, ಇನ್ನರ್ಧ ಗಾರೆಯಲ್ಲಿ ನೇತಾಡುತ್ತಿತ್ತು.

ಅಣ್ಣ ಆ ಹೊತ್ತು ಊರಿನೊಳಗೆ ಹೋಗಿದ್ದ. ಅವನು ಬಂದು ನೋಡಿದರೆ ಪುಸ್ತಕದಲ್ಲಿ ಬರೆಯುತ್ತಾನೆ, ತಮ್ಮನೆಂದು ಬಿಡುವವನಲ್ಲ. ಬರೆದರೆ ಮೇಲಿನವರು ಬರುತ್ತಾರೆ, ಸೇತುವೆ ಮುಚ್ಚುತ್ತಾರೆ, ತಮ್ಮನಿಗೆ ಕೆಲಸ ಕೊಡಿಸಿದವನು ಎಂದು ಅವನನ್ನೂ ಕೇಳುತ್ತಾರೆ. ಇದೆಲ್ಲ ಈಗ ಹೇಳುವ ಮಾತು. ಆಗ ನನಗಿದ್ದದ್ದು ಹೆದರಿಕೆ. ನಲವತ್ತು ವರ್ಷದ ಗಂಡಸು ಅಣ್ಣನ ಮುಖಕ್ಕೆ ಹೆದರಿದೆ. ಕೋಣೆಯ ಹಿಂದೆ ಹೊಸ ಕಿಟಕಿ ಗಾಜನ್ನು ಕತ್ತರಿಸಿ ಉಳಿದ ಚೂರುಗಳಿದ್ದವು. ಒಂದು ಪಟ್ಟಿ ಕುಯ್ದೆ, ಹೂವಿನ ಮುಖವನ್ನು ಒಳಗೆ ಮಾಡಿದೆ, ಅಣ್ಣನ ಅಂಕಿಯನ್ನು ನೋಡಿ ನೋಡಿ ಗೀಚಿದೆ, ಅಂಟಿಸಿ ಮಸಿ ಬಳಿದೆ. ಸಂಜೆ ಅವನು ಬಂದಾಗ ಚಹಾ ಕುಡಿಯುತ್ತಾ ಕೂತಿದ್ದೆ.

ಅವನಿಗೆ ಗೊತ್ತಾಗಲೇ ಇಲ್ಲ. ಸೋಮವಾರ ನನ್ನನ್ನು ಕರೆದೊಯ್ದು "ಸರಿ ಇದೆಯೇನೋ?" ಎಂದು ಕೇಳಿದಾಗಲೆಲ್ಲ ಗಾಜಿನ ಕಡೆ ನೋಡದೆಯೇ ಸರಿ ಇದೆ ಎನ್ನುತ್ತಿದ್ದೆ. ಒಂದು ವರ್ಷ ತಡೆದೆ. ಆಮೇಲೆ ಈ ಊರಿನಲ್ಲಿ ಕೆಲಸ ಸಿಕ್ಕಿತು ಎಂದು ಹೇಳಿ ಹೊರಟುಬಂದೆ. ಕೆಲಸ ಸಿಕ್ಕಿರಲಿಲ್ಲ, ಬಂದು ಹುಡುಕಿಕೊಂಡೆ. ಅಣ್ಣ ತಡೆಯಲಿಲ್ಲ.

ಇನ್ನೊಂದಿದೆ. ಹಲಗೆ ಬಡಿದದ್ದು ನಿಜ, ಸದ್ದು ಕೇಳಿದ್ದು ನಿಜ. ಆದರೆ ಬಡಿಯುವ ಮೊದಲು ಗಾಜು ಸರಿಯಾಗಿತ್ತೋ, ಆಗಲೇ ಒಡೆದಿತ್ತೋ, ನಾನು ನೋಡಿರಲಿಲ್ಲ. ಇಪ್ಪತ್ತೊಂದು ವರ್ಷದಿಂದ ನನ್ನ ತಲೆಯಲ್ಲಿ ಆ ಹಲಗೆ ಬೀಳುತ್ತಲೇ ಇದೆ. ಒಮ್ಮೆ ನಾನು ಒಡೆದೆ ಎನ್ನಿಸುತ್ತದೆ, ಒಮ್ಮೆ ಸೇತುವೆಯೇ ಒಡೆದದ್ದನ್ನು ನಾನು ಮುಚ್ಚಿದೆ ಎನ್ನಿಸುತ್ತದೆ.

ನಿಮ್ಮಪ್ಪನ ಪುಸ್ತಕಕ್ಕೆ ಕೈ ಮುಗಿದು ಎತ್ತಿಡು. ಬೈಯುವುದಿದ್ದರೆ ನನ್ನನ್ನು ಬೈ.

ಚಿಕ್ಕಪ್ಪ


೨೧ ಮಾರ್ಚ್

ಚಿಕ್ಕಪ್ಪ,

ನಿಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು, ಆಮೇಲೆ ಅಪ್ಪ ಅಲ್ಲವಲ್ಲ ಎಂದು ಹಗುರವಾಯಿತು, ಆಮೇಲೆ ಹಗುರವಾದದ್ದಕ್ಕೇ ನಾಚಿಕೆಯಾಯಿತು. ನಾನು ಕಿಟಕಿ ಒಡೆದದ್ದರಿಂದ ಬಂದ ಹೊಸ ಗಾಜೇ ನಿಮಗೆ ಸಿಕ್ಕಿತಲ್ಲ. ಬೈಯಲು ಬಾಯಿ ಬರುತ್ತಿಲ್ಲ.

ಎರಡು ದಿನ ಯೋಚಿಸಿದೆ. ಮೊದಲಿನ ಗಾಜು ಹೇಗೆ ಒಡೆಯಿತು ಎಂದು ಈಗ ಯಾರಿಗೂ ತಿಳಿಯುವಂತಿಲ್ಲ. ಆದರೆ ನೀವು ಹಾಕಿದ ಗಾಜು ಇಪ್ಪತ್ತೊಂದು ವರ್ಷದಿಂದ ಹಾಗೇ ನಿಂತಿದೆ. ತಾರೀಖು ಸುಳ್ಳಾದರೂ ಗಾಜು ಸುಳ್ಳಲ್ಲ. ಮೂವತ್ತೊಂದರ ಜಾಗದಲ್ಲಿ ಇಪ್ಪತ್ತೊಂದು ಎಂದು ಬರೆದರಾಯಿತು. ಎರಡು ಬೆರಳಿಗೆ ನೀವು ಹೇಳಿದ ಹಸಿ ಗಾರೆಯ ಕಥೆ ಸರಿಹೋಗುತ್ತದೆ. ಎಲ್ಲಾ ಕೂಡಿಬಂತು. ವಾರಗಟ್ಟಲೆ ಆದ ಮೇಲೆ ಇವತ್ತು ತಲೆ ತಿಳಿಯಾಗಿದೆ.

ಬಸ್ಸು ಬಿಡಬಹುದು ಎಂದು ವರದಿ ಬರೆದು ಮುಗಿಸಿದ್ದೇನೆ. ಇಪ್ಪತ್ತೆಂಟಕ್ಕೆ ಸಹಿ ಹಾಕಿ ಕೊಡುತ್ತೇನೆ. ನೀವು ಬಾಯಿ ಬಿಟ್ಟು ಹೇಳಿದ್ದಕ್ಕೇ ಇದು ಆಯಿತು. ಇನ್ನಾದರೂ ಆ ಬಚ್ಚಲ ಕಟ್ಟೆಯನ್ನು ಬಿಟ್ಟುಬಿಡಿ.

ಅಳತೆಗೋಲು


೨೫ ಮಾರ್ಚ್

ಸಹಿ ಹಾಕಬೇಡ.

ಇಷ್ಟನ್ನು ನಿನ್ನ ಚಿಕ್ಕಮ್ಮ ಈಗಲೇ ಫೋನಿನಲ್ಲಿ ಹೇಳುತ್ತಾಳೆ. ಯಾಕೆ ಎಂದು ಅವಳಿಗೆ ಹೇಳಿಲ್ಲ. ಅದನ್ನು ನನ್ನ ಕೈಯಿಂದಲೇ ಬರೆಯಬೇಕು.

ಹೋದ ಕಾಗದದಲ್ಲಿ ಎಲ್ಲಾ ಹೇಳಿದೆ ಎಂದುಕೊಂಡೆ. ಅರ್ಧ ಹೇಳಿದ್ದೆ. ಆ ಪಟ್ಟಿ ಮತ್ತೆ ಒಡೆದರೆ ಯಾರಾದರೂ ಹತ್ತಿ ಕಿತ್ತು ನೋಡುತ್ತಾರೆ, ಹೂವು ಕಾಣುತ್ತದೆ, ನಾನು ಸಿಕ್ಕಿಬೀಳುತ್ತೇನೆ. ಹಾಗಾಗಿ ಒಡೆಯದ ಹಾಗೆ ಹಾಕಿದೆ. ಎಡಗಡೆಯ ತುದಿಗೆ ಗಟ್ಟಿ ಗಾರೆ. ಬಲಗಡೆಯ ತುದಿಯನ್ನು ಬರಿದೇ ತಾಗಿಸಿ ಸಡಿಲ ಬಿಟ್ಟೆ, ಅದರ ಮುಂದೆ ಗಾರೆಯ ಹಾಗೆ ಕಾಣುವಂತೆ ಒಂದು ತೆಳು ಪದರ ಕಟ್ಟಿದೆ. ಬಿರುಕು ಎಷ್ಟು ಬಾಯಿ ಬಿಟ್ಟರೂ ಗಾಜು ಅದರೊಳಗೆ ಜಾರುತ್ತದೆ, ಅಷ್ಟೇ. ಅರ್ಧ ಸೇತುವೆ ನೀರಿಗೆ ಬಿದ್ದರೂ ಅದು ಉಳಿದ ಅರ್ಧಕ್ಕೆ ಅಂಟಿಕೊಂಡೇ ಇರುತ್ತದೆ.

ನಾನು ಮಾಡಿದ ಕೆಲಸಗಳಲ್ಲಿ ಅಷ್ಟು ನಾಜೂಕಾದದ್ದು ಇನ್ನೊಂದಿಲ್ಲ. ಇದನ್ನು ಯಾರಿಗೂ ಹೇಳದೆ ಸಾಯಬೇಕೆಂದಿದ್ದೆ. ನೀನು ನನ್ನನ್ನು ನಂಬಿ ಸಹಿ ಹಾಕುತ್ತೇನೆ ಎಂದು ಬರೆದ ಮೇಲೆ ಆಗಲಿಲ್ಲ.


೩೦ ಮಾರ್ಚ್

ಚಿಕ್ಕಪ್ಪ,

ಚಿಕ್ಕಮ್ಮನ ಫೋನು ಬಂದಾಗ ಸಾಹೇಬರ ಕೋಣೆಯಲ್ಲಿದ್ದೆ. "ಸಹಿ ಹಾಕ್ಬೇಡ ಅಂತೆ ಕಣೇ, ಊಟ ಆಯ್ತಾ?" ಎಂದರು. ಕಾಗದ ಬಂದದ್ದು ಮಾರನೆಯ ದಿನ.

ಹತ್ತಿ ನೋಡಿದೆ. ಬಲಗಡೆಯ ತುದಿಯ ಗಾರೆಯನ್ನು ಉಗುರಿನಿಂದ ಕೆರೆದೆ, ಪದರ ಕಳಚಿ ಬಂತು. ಗಾಜು ಬೆರಳಿಗೆ ಅಲ್ಲಾಡಿತು. ಇದರ ಮೇಲೆ ನಾನು ಬಸ್ಸು ಬಿಡಿಸುತ್ತಿದ್ದೆ.

ಇನ್ನು ಯಾವುದನ್ನೂ ಯಾರ ಮಾತಿನ ಮೇಲೂ ಬಿಡಬಾರದು ಎನ್ನಿಸಿತು. ಬೆಸುಗೆಯವನನ್ನು ಕರೆಸಿ ಪೊಟರೆಯ ಬಾಗಿಲನ್ನು ಕತ್ತರಿಸಿ ತೆಗೆಸಿದೆ. ಒಳಗೆ ತೆವಳಿದೆ. ಬಾವಲಿಗಳಿದ್ದವು, ನೀವು ಸರಿಯಾಗಿಯೇ ಹೇಳಿದ್ದಿರಿ. ಆದರೆ ಬಾವಲಿ ಬಿಟ್ಟರೆ ಏನೂ ಇಲ್ಲ ಎಂದದ್ದು ತಪ್ಪು. ಬಿರುಕು ಕಮಾನಿನ ಬೆನ್ನಿನವರೆಗೂ ಹೋಗಿ ಆ ಟೊಳ್ಳಿನೊಳಗೆ ಕಾಣುತ್ತದೆ. ಅದಕ್ಕೆ ಅಡ್ಡಲಾಗಿ ಇನ್ನೊಂದು ಗಾಜಿನ ಪಟ್ಟಿ ಇದೆ.

ಸಾದಾ ಗಾಜು. ನಾನು ಒಡೆದ ಹಳೆಯ ಕಿಟಕಿಯದೇ ಇರಬೇಕು. ಎರಡು ತುದಿಗೂ ಗಟ್ಟಿ ಗಾರೆ. ಮೇಲೆ ಅಪ್ಪನ ಅಂಕಿಯಲ್ಲಿ ತಾರೀಖು. ಗಾರೆ ಕೆಲಸ ಮುಗಿದ ತಾರೀಖನ್ನು ಪುಸ್ತಕದಲ್ಲಿ ತೆಗೆದು ನೋಡಿದೆ: ನಿಮ್ಮ ಶನಿವಾರವಾದ ಮೇಲಿನ ಸೋಮವಾರ. ಒಂದು ದಿನವೂ ತಡವಾಗಿಲ್ಲ ಚಿಕ್ಕಪ್ಪ. ಹೂವಿನ ಕಿಟಕಿಯ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದವರಿಗೆ ಆ ಹೂವು ಗೊತ್ತಾಗುವುದಿಲ್ಲವೇ? ನೀವು ಎಂದೂ ಕಾಲಿಡದ ಜಾಗ ಎಂದು ಗೊತ್ತಿದ್ದೇ ಅಲ್ಲಿ ಹಾಕಿದ್ದಾರೆ. ಪುಸ್ತಕದಲ್ಲಿ "ಗಾಜು ಸರಿ ಇದೆ" ಎಂದು ಆಮೇಲೆ ಬರೆದದ್ದೆಲ್ಲ ಈ ಗಾಜಿನ ವಿಷಯ.

ಪಕ್ಕದ ಇಟ್ಟಿಗೆಯ ಮೇಲೆ ವರ್ಷಕ್ಕೊಂದರಂತೆ ಗೀಟು ಎಳೆದಿದ್ದಾರೆ. ಹನ್ನೆರಡು. ಅಪ್ಪ ತೀರಿಕೊಂಡ ವರ್ಷಕ್ಕೆ ನಿಂತಿದೆ. ಅಂದರೆ ಹನ್ನೆರಡು ವರ್ಷ ಅದು ಸರಿಯಾಗಿತ್ತು. ಮೊದಲಿನ ಗಾಜನ್ನು ಒಡೆದದ್ದು ಹಲಗೆಯೇ ಇರಬೇಕು, ಸೇತುವೆಯಲ್ಲ. ನೀವು ಮುಚ್ಚಿಟ್ಟದ್ದು ಬರೀ ಒಂದು ಹಗ್ಗ ಜಾರಿದ ಸಂಗತಿ.

ಆದರೆ ಈಗ ಅದು ಒಡೆದಿದೆ. ಎರಡು ತುಂಡಿನ ನಡುವೆ ನನ್ನ ಕಿರುಬೆರಳಿನ ಉಗುರು ಹೋಗುತ್ತದೆ. ಅಪ್ಪ ಹೋದ ಮೇಲಿನ ಒಂಬತ್ತು ವರ್ಷದಲ್ಲಿ ಯಾವಾಗಲೋ ಸೇತುವೆ ಅಲ್ಲಾಡಿದೆ. ಎರಡು ಬೆರಳಿನಲ್ಲಿ ಎಷ್ಟು ಹಳೆಯದು, ಎಷ್ಟು ಹೊಸದು ನನಗೆ ಗೊತ್ತಿಲ್ಲ. ವರದಿಯಲ್ಲೂ ಗೊತ್ತಿಲ್ಲ ಎಂದೇ ಬರೆದಿದ್ದೇನೆ. ಬಸ್ಸು ಬೇಡ, ಜನ ನಡೆದು ದಾಟಬಹುದು, ಮೂರನೆಯ ಕಮಾನನ್ನು ದುರಸ್ತಿ ಮಾಡಬೇಕು, ಕೆಡವಬಾರದು. ಸಾಹೇಬರು ಮಾತು ಬಿಟ್ಟಿದ್ದಾರೆ. ಆ ಹೆಂಗಸು ಮತ್ತೆ ಬಂದರೆ ಪೊಟರೆಗೇ ಕರೆದೊಯ್ದು ತೋರಿಸುತ್ತೇನೆ.

ಅಪ್ಪನ ಮೇಲೂ ಸಿಟ್ಟಿದೆ. ಗೊತ್ತಿದ್ದೂ ನಿಮಗೆ ಯಾಕೆ ಹೇಳಲಿಲ್ಲ? ಹೊರಗಿನ ಸುಳ್ಳು ಗಾಜನ್ನು ಕಿತ್ತುಹಾಕಲಿಲ್ಲ ಯಾಕೆ? ತಾನು ಹೋದ ಮೇಲೆ ಯಾರಾದರೂ ಅದನ್ನೇ ನಂಬುತ್ತಾರೆ, ಸ್ವಂತ ಮಗಳೇ ನಂಬುತ್ತಾಳೆ ಎಂದು ಹೊಳೆಯಲಿಲ್ಲವೇ? ಅದು ನಿಮ್ಮ ಮೇಲಿನ ಪ್ರೀತಿಯೋ ಹಟವೋ ನನಗೆ ಅರ್ಥವಾಗುತ್ತಿಲ್ಲ. ನಿಮಗೆ ಅರ್ಥವಾದರೆ ಬರೆಯಿರಿ.

ಹೊರಗಿನ ಪಟ್ಟಿಯನ್ನು ಇನ್ನೂ ತೆಗೆದಿಲ್ಲ.

ಅಳತೆಗೋಲು


೬ ಏಪ್ರಿಲ್

ಮಗಳೇ,

ನಿನ್ನ ಕಾಗದವನ್ನು ನಿನ್ನ ಚಿಕ್ಕಮ್ಮನಿಗೂ ಓದಿ ಹೇಳಿದೆ, ಮೊದಲಿನಿಂದ ಕೊನೆಯವರೆಗೆ. ಅವಳು ಎದ್ದು ಹೋಗಿ ನನ್ನ ಚೀಲದಲ್ಲಿ ಎರಡು ಜೊತೆ ಬಟ್ಟೆ ತುಂಬಿಟ್ಟಳು.

ಒಂದು ವರ್ಷಕ್ಕೆ ಐವತ್ತೆರಡು ಸೋಮವಾರ. ಅಷ್ಟು ಸಲ ಅಣ್ಣ ಕೇಳಿದ, ಅಷ್ಟು ಸಲವೂ ನಾನು ಸರಿ ಇದೆ ಎಂದೆ. ಹಲಗೆ ತಾಗಿತು ಅಣ್ಣ ಎಂದಿದ್ದರೆ ಅರ್ಧ ಗಂಟೆ ಬೈದು, ಹೊಸ ಗಾಜು ಹಾಕಿ, ಹೊಸ ತಾರೀಖು ಬರೆದು, ಬಾ ಚಹಾ ಕುಡಿಯೋಣ ಎನ್ನುತ್ತಿದ್ದ. ನಾನು ಊರು ಬಿಡುವ ದಿನ ಬಸ್ಸಿನ ತನಕ ಬಂದಿದ್ದ. ಕಿಟಕಿಯ ಹತ್ತಿರ ನಿಂತು ಬಹಳ ಹೊತ್ತು ನನ್ನ ಮುಖ ನೋಡಿದ. ಅವತ್ತು ಸೋಮವಾರವಾಗಿರಲಿಲ್ಲ, ಆದ್ದರಿಂದ ಕೇಳಲಿಲ್ಲ ಎಂದುಕೊಂಡಿದ್ದೆ.

ಪ್ರೀತಿಯೋ ಹಟವೋ ಎಂದು ಕೇಳಿದೆ. ನನಗೂ ಗೊತ್ತಿಲ್ಲ ಮಗು. ನಮ್ಮ ಮನೆಯಲ್ಲಿ ಅವೆರಡನ್ನೂ ಬೇರೆ ಮಾಡಿ ಇಟ್ಟವರು ಯಾರೂ ಇರಲಿಲ್ಲ. ಆದರೆ ಹೊರಗಿನ ಪಟ್ಟಿಯನ್ನು ಯಾಕೆ ಬಿಟ್ಟ ಎಂಬುದು ಮಾತ್ರ ಗೊತ್ತು. ಅದನ್ನು ತೆಗೆಯಬೇಕಾದವನು ನಾನು.

ಬರುವ ಸೋಮವಾರ ಬೆಳಿಗ್ಗೆ ಬರುತ್ತೇನೆ. ಮಂಡಿಯ ನೆಪ ಇನ್ನು ಸಾಕು. ನಿನ್ನ ಸಹಿಯಿಂದಾಗಿ ಬಸ್ಸು ಆಚೆ ದಡದಲ್ಲೇ ನಿಲ್ಲುತ್ತದಲ್ಲ, ಸೇತುವೆಯನ್ನು ನಡೆದೇ ದಾಟುತ್ತೇನೆ. ಏಣಿ ಹಾಕಿಸಿಟ್ಟಿರು, ಕೆಳಗೆ ನೀನೇ ಹಿಡಿದುಕೋ. ಆ ಪಟ್ಟಿಯನ್ನು ನನ್ನ ಕೈಯಿಂದಲೇ ಕೀಳುತ್ತೇನೆ. ಆಮೇಲೆ ಪೊಟರೆಗೆ ಬರುತ್ತೇನೆ. ಹೊಟ್ಟೆ ಹಿಡಿಸದಿದ್ದರೆ ತಲೆಯನ್ನಾದರೂ ಒಳಗೆ ತೂರಿಸುತ್ತೇನೆ, ಉಸಿರು ಕಟ್ಟಿದರೆ ಕಟ್ಟಲಿ.

ನಿನ್ನಿಂದ ಒಂದು ಉಪಕಾರವಾಗಬೇಕು. ಅಲ್ಲಿ ನೀನು ಟಾರ್ಚು ಬಿಟ್ಟು, ಅವನ ಹಾಗೆ ನನ್ನನ್ನು ಕೇಳಬೇಕು, ಗಾಜು ಸರಿ ಇದೆಯೇನೋ ಎಂದು. ಗಟ್ಟಿಯಾಗಿ ಕೇಳು, ನನಗೆ ಕಿವಿ ಮಂದ. ಚಿಕ್ಕಪ್ಪನೆಂದು ಮರ್ಯಾದೆ ಕೊಡಬೇಡ, "ಏನೋ" ಎಂದೇ ಕೇಳು.

ಈ ಸಲ ನೋಡಿ ಹೇಳುತ್ತೇನೆ.